ಅರ್ಧ ಗಂಟೆಯ ದೊಡ್ಡಮ್ಮ

“ಅಮ್ಮಾ, ಒಂದರ್ಧ ಗಂಟೆ ನನಗೆ ದೊಡ್ಡಮ್ಮ ಆಗ್ತೀರಾ?”

ಚಾಮರಾಜನಗರದ ದೊಡ್ಡಾಸ್ಪತ್ರೆಯಲ್ಲಿ ಬಿಪಿ ಮಾತ್ರೆ ಇಸಿದುಕೊಂಡು, ತನ್ನೂರು ಹರವೆಯ ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಕಂಬಕ್ಕೊರಗಿ ಎಲೆಅಡಿಕೆ ಮೆಲ್ಲುತ್ತಿದ್ದ ರಾಚಮ್ಮ ತಲೆಯೆತ್ತಿದಳು. ಮುಂದೆ ನಿಂತಿದ್ದ ಗುರುತಿಲ್ಲದ ಹುಡುಗ, ಶಿವರಾಮು, ಅವಳ ಕಣ್ಣು ತಪ್ಪಿಸಿ ನೆಲ ನೋಡುತ್ತ ಹೇಳಿದ: ಒಳಗೆ ಬುಶ್ರಾ ಮೇಡಂ ಅಂತ ಇದ್ದಾರೆ, ಚಟ ಬಿಡುವವರ ಜೊತೆ ಕೂತು ಮಾತಾಡುತ್ತಾರೆ, ಈ ಸಲ ಮನೆಯವರೊಬ್ಬರನ್ನು ಕರೆದುಕೊಂಡು ಬಾ ಎಂದು ಹೋದ ವಾರವೇ ಹೇಳಿದ್ದರು.

“ನಿಂಗ್ಯಾರೂ ಇಲ್ವಾ ಮೊಗ?”

“ಎಲ್ಲಾರೂ ಅವ್ರೆ ಕಣಮ್ಮ. ಅದಕ್ಕೇಯ.”

ರಾಚಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬಾಯಲ್ಲಿದ್ದುದನ್ನು ಉಗಿದು ಸೆರಗಿನಲ್ಲಿ ತುಟಿ ಒರೆಸಿಕೊಂಡು, “ನೂರು ಸುಳ್ಳೇಳಿ ಮದ್ವೆ ಮಾಡ್ಸಿವ್ನಿ, ಇದ್ಯಾವ ಮಹಾ. ನಡಿ” ಎಂದು ಎದ್ದಳು.

ಶಿವರಾಮುವಿಗೆ ಗುಂಡ್ಲುಪೇಟೆಯ ತರಕಾರಿ ಮಂಡಿಯಲ್ಲಿ ಕೇರಳದ ಲಾರಿಗಳಿಗೆ ಲೋಡು ಬರೆಯುವ ಕೆಲಸ. ಊರು ಹರದನಹಳ್ಳಿ, ಆಸ್ಪತ್ರೆಯಿಂದ ಬಸ್ಸು ಹತ್ತಿದರೆ ಕಾಲು ಗಂಟೆ. ಅಲ್ಲಿ ಅವನ ಅಪ್ಪ ಚೆಲುವಯ್ಯ, ನಮ್ಮ ಹುಡುಗ ಬೀಡಿ ಮುಟ್ಟಲ್ಲ, ಎಣ್ಣೆ ಮೂಸಲ್ಲ ಎಂದು ಕಂಡಕಂಡವರ ಮುಂದೆ ಹೊಗಳಿಕೊಂಡು ತಿರುಗುತ್ತಿದ್ದ. ಮಾತೇನೋ ನಿಜವೇ. ಆದರೆ ಆ ಹುಡುಗ ಈರುಳ್ಳಿ ಮೂಟೆಗಳ ಮರೆಯಲ್ಲಿ, ಬಸ್ಸಿನಲ್ಲಿ, ಕಕ್ಕಸಿನಲ್ಲಿ ಕೂತು ಫೋನಿನಲ್ಲಿ ದುಡ್ಡಿಟ್ಟು ರಮ್ಮಿ ಆಡುತ್ತಿದ್ದ. ಒಂದು ಆ್ಯಪ್ ಮುಚ್ಚಿದರೆ ಇನ್ನೊಂದು ಹುಡುಕುತ್ತಿದ್ದ. ಇದನ್ನು ಹೇಳಿಕೊಳ್ಳಲು ಊರಲ್ಲಿ ಅವನಿಗೆ ಒಂದು ನರಪಿಳ್ಳೆಯೂ ಇರಲಿಲ್ಲ.

“ಅವತ್ತೊಂದು ದಿನ ಆಡಬಾರದಿತ್ತು ಅಂತ ಯಾವತ್ತಾದರೂ ಅನ್ನಿಸಿದೆಯಾ?” ಒಳಗೆ ಇಬ್ಬರನ್ನೂ ಎದುರು ಕೂರಿಸಿಕೊಂಡು ಬುಶ್ರಾ ಮೆಲ್ಲಗೆ ಕೇಳಿದರು.

ಗುರುತಿಲ್ಲದ ಮುದುಕಿ ಪಕ್ಕದಲ್ಲಿದ್ದುದರಿಂದಲೋ ಏನೋ, ಮಾತು ಸಲೀಸಾಗಿ ಬಂತು. ತಾತನ ಹೆಣ ಜಗುಲಿಯ ಮೇಲಿತ್ತು. ಅವನು ಹುಲ್ಲಿನ ಮೆದೆಯ ಹಿಂದೆ ಕೂತು ಆಡುತ್ತಿದ್ದ. ಹೆಗಲು ಕೊಡಲು ಕರೆದರು. ಇದೊಂದೇ ಆಟ ಎಂದುಕೊಂಡ. ಅಷ್ಟರಲ್ಲಿ ಚಟ್ಟ ಅವನನ್ನು ಬಿಟ್ಟೇ ಹೊರಟಿತು. ಬಗ್ಗಿದ ತಲೆ, ಕೆಂಪಾದ ಕಣ್ಣು ಕಂಡ ನೆಂಟರು, ಪಾಪ, ತಾತನ ಮೇಲೆ ಜೀವವನ್ನೇ ಇಟ್ಟಿದ್ದ ಎಂದು ಬೆನ್ನು ಸವರಿ ನೀರು ಕೊಟ್ಟರು. ಅವನು ಕುಡಿದ. ಆ ನೀರು ಇವತ್ತಿಗೂ ಅವನ ಎದೆಯಿಂದ ಇಳಿದಿಲ್ಲ.

“ಗೆದ್ಯಾ?” ರಾಚಮ್ಮ ಕೇಳಿದಳು.

“ಗೆದ್ದೆ.”

ಆಮೇಲೆ ಬುಶ್ರಾ ದಾರಿ ಹೇಳಿದರು. ಕೆಲವು ತಿಂಗಳು ಈ ಫೋನು, ಎಟಿಎಂ ಕಾರ್ಡು ಎರಡೂ ಮನೆಯವರ ಕೈಯಲ್ಲಿರಬೇಕು. ಆಡಬೇಕು ಅನ್ನಿಸಿದಾಗ ಮುಚ್ಚುಮರೆಯಿಲ್ಲದೆ ಅವರಿಗೆ ಹೇಳಬೇಕು. ಇಬ್ಬರೂ ವಾರಕ್ಕೊಮ್ಮೆ ಇಲ್ಲಿಗೆ ಬರಬೇಕು. ಒಬ್ಬರೇ ಬಿಡುವುದು ಕಷ್ಟ ಎಂದು ಒಪ್ಪಿಗೆಯ ಕಾಗದವನ್ನೂ ಇಂಕಿನ ಡಬ್ಬಿಯನ್ನೂ ರಾಚಮ್ಮನ ಕಡೆ ಸರಿಸಿದರು.

ರಾಚಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. “ಬಾಯಲ್ಲೇಳಿದ ಸುಳ್ಳು ಗಾಳೀಲಿ ಓಯ್ತದೆ ಕಣವ್ವ. ಎಬ್ಬೆಟ್ಟೊತ್ತುದ್ರೆ ಉಳ್ಕತದೆ. ನಾನು ಈ ಮೊಗೀನ ದೊಡ್ಡವ್ವ ಅಲ್ಲ. ಇವನೆಸ್ರೂ ನಂಗೊತ್ತಿಲ್ಲ.”

ಶಿವರಾಮುವಿನ ಮುಖ ಸಪ್ಪಗಾಯಿತು. ಬುಶ್ರಾ ರೇಗಲಿಲ್ಲ. ಕಾಗದವನ್ನು ಪಕ್ಕಕ್ಕಿಟ್ಟು ಅವನನ್ನೇ ನೋಡಿದರು.

“ನಿಮ್ಮಪ್ಪಂಗೆ ಫೋನ್ ಮಾಡು ಮೊಗ” ಎಂದಳು ರಾಚಮ್ಮ. “ನನ್ ಬಸ್ಸು ಓದ್ರೆ ಓಗ್ಲಿ. ಕೂತಿರ್ತೀನಿ.”

ಅವನು ಎರಡು ಸಲ ನಂಬರು ಒತ್ತಿ ಅಳಿಸಿದ. ಮೂರನೆಯ ಸಲ ಕರೆ ಹೋಯಿತು.

“ಅಪ್ಪ, ದೊಡ್ಡಾಸ್ಪತ್ರೇಲಿ ಇವ್ನಿ.”

“ಏನಾಯ್ತ್ಲಾ? ಗಾಡಿಯಿಂದ ಬಿದ್ಯಾ?”

“ಇಲ್ಲಪ್ಪ. ಚಟ ಬುಡಕ್ಕೆ ಬಂದಿವ್ನಿ.”

ಚೆಲುವಯ್ಯನ ತಮ್ಮ ಕುಡಿದು ಕುಡಿದೇ ಮಣ್ಣು ಸೇರಿದವನು. “ಎಣ್ಣೆನಾ ಮಗ?” ಎಂದಾಗ ಅಪ್ಪನ ದನಿ ನಡುಗುತ್ತಿತ್ತು.

“ಅಲ್ಲಪ್ಪ. ಆಟ. ಫೋನಲ್ಲಿ ರಮ್ಮಿ. ಎಷ್ಟು ಮಾಡುದ್ರೂ ಬುಡಕ್ಕಾಯ್ತಿಲ್ಲ. ನೀನು ಒಸಿ ಬರ್ಬೇಕು.”

ಚೆಲುವಯ್ಯ ಜೋರಾಗಿ ನಕ್ಕುಬಿಟ್ಟ. “ಇಸ್ಪೀಟ್ ತಾನೆ? ನನ್ ಜೀವ ಬಾಯಿಗೆ ಬಂದಿತ್ತಲ್ಲಲಾ. ಯುಗಾದಿ ಬಂದ್ರೆ ಊರಿಗೂರೇ ಕೂತಾಡ್ತದೆ, ನಾನೂ ಆಡ್ತೀನಿ. ಅದ್ಕೂ ಆಸ್ಪತ್ರೆಗೆ ಓಗ್ತಾರಾ? ಬುಡು, ಮದ್ವೆ ಆದ್ರೆ ಎಲ್ಲಾ ಸರಿಓಯ್ತದೆ.” ಆಮೇಲೆ ಹೆಂಡತಿಗೆ ಕೂಗಿ ಹೇಳಿದ್ದು ಶಿವರಾಮುವಿಗೂ ಕೇಳಿಸಿತು: “ಏನೂ ಇಲ್ಲ ಕಣಮ್ಮಿ. ಇಸ್ಪೀಟಂತೆ.”

ಅವ್ವನೂ ನಕ್ಕಳು. ಅಪ್ಪ ಕೆಟ್ಟ ಮಾತಲ್ಲಿ ಬೈದಿದ್ದರೂ ಶಿವರಾಮು ಹಗುರಾಗುತ್ತಿದ್ದ. ಬೈಗುಳಕ್ಕೆ ಕಾದು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದಿದ್ದ. ಅಲ್ಲೀವರೆಗೆ ಬಂದವನು ಮನೆಗೂ ಬಂದು ಉಂಡುಕೊಂಡು ಹೋಗು, ನಿಮ್ಮವ್ವ ಅವರೆಕಾಳು ಸಾರು ಮಾಡಿದ್ದಾಳೆ ಎಂದು ಹೇಳಿ ಅಪ್ಪ ಫೋನಿಟ್ಟ.

ಬುಶ್ರಾ ಪೆನ್ನು ಹಿಡಿದು ಕಾಯುತ್ತಿದ್ದರು. ರಾಚಮ್ಮ ಕುರ್ಚಿಯ ತುದಿಗೆ ಜರುಗಿ ಅವನ ಮುಖದ ಹತ್ತಿರ ಬಾಗಿದಳು.

“ಏನಂದ ನಿಮ್ಮಪ್ಪ?”

ಶಿವರಾಮು ಫೋನಿನಿಂದ ಕಣ್ಣು ಕೀಳದೆ, “ಸಮಾಧಾನ ಆಯ್ತಂತೆ” ಎಂದ.