ಒಳಗೆ ಬರ್ಲಾ

ಮತ್ತೆ ಅಲ್ಲೇ ನಿಂತರು ನಾರಾಯಣಪ್ಪ.

ಮೆಲ್ಬರ್ನಿಗೆ ಹೋಗಿ ಮುದ್ದೆ ಹೋಟೆಲ್ ಇಟ್ಟ ಮಾಗಡಿ ಕಡೆಯ ಸಂಸಾರದ ನಗೆನಾಟಕ. ಮಗಳು ಹೇಳದೆ ಕೇಳದೆ ಬಿಳಿ ಹುಡುಗನನ್ನು ಕಟ್ಟಿಕೊಂಡು ಬಂದು ಬಾಗಿಲಲ್ಲಿ ನಿಲ್ಲುತ್ತಾಳೆ. ಮಗಳ ಪಾರ್ಟು ಕೀರ್ತನಾಳದು. “ಅಪ್ಪಾ, ಒಳಗೆ ಬರ್ಲಾ?” ಎಂದು ಚೌಕಟ್ಟು ಹಿಡಿದು ಕಾದಳು. ಅಪ್ಪನ ಪಾರ್ಟಿನ ನಾರಾಯಣಪ್ಪ ತುಟಿ ಬಿಚ್ಚಲಿಲ್ಲ.

ಯಾರಾದರೂ ತಡವರಿಸಿದರೆ ಎದುರಿನವರ ಮಾತನ್ನೇ ಮತ್ತೆ ಹೇಳಿ ಎತ್ತಿಕೊಡುವುದು ಈ ತಂಡದ ರೂಢಿ. ಸೈಡ್‌ವಿಂಗಿನಿಂದ ಪ್ರಾಂಪ್ಟರ್ ಧನ್ಯಶ್ರೀ ಪಿಸುಗುಟ್ಟಿದಳು: “ಅಪ್ಪಾ, ಒಳಗೆ ಬರ್ಲಾ?”

“ಬಾರವ್ವ, ಬಾ,” ಅಂದರು ನಾರಾಯಣಪ್ಪ ತಕ್ಷಣ. “ಅಳಿಯಂದ್ರು ಬೂಟು ಬಿಚ್ಲಿ. ನಿಂತ್ಕೊಂಡು ತಿನ್ನೋರನ್ನ ಕಂಡ್ರೆ ಮುದ್ದೆಗೆ ಆಗಲ್ಲ.”

ರಿಹರ್ಸಲ್ ನಡೆಯುತ್ತಿದ್ದ ಮಾರೇನಹಳ್ಳಿಯ ಮಹಡಿ ಹಾಲಿನಲ್ಲಿ ಎಲ್ಲರೂ ನಕ್ಕರು. ನಿರ್ದೇಶಕ ರುದ್ರಮುನಿ ನಗಲಿಲ್ಲ. “ಇಡೀ ನಾಟಕ ನೀರು ಕುಡ್ದಂಗೆ ಹೇಳ್ತೀರ, ಇಲ್ಲಿ ಮಾತ್ರ ಏನ್ ಬರುತ್ತೆ ನಿಮ್ಗೆ? ಷೋನಲ್ಲೂ ನಿಂತ್ರೆ ಇದೇ ನಿಮ್ಮ ಕೊನೇ ಪಾರ್ಟು, ನಾರಾಯಣಪ್ಪೋರೇ.”

ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ಬಟ್ಟೆ ಕತ್ತರಿಸಿ ಬರುವ ಈ ಮನುಷ್ಯನಿಗೆ ನಗು ಮೂಡುತ್ತಿದ್ದುದು ಇಲ್ಲಿ ಮಾತ್ರ. ಕೀರ್ತನಾ ಅವರನ್ನು ಕೆಳಗಿನ ಟೀ ಅಂಗಡಿಗೆ ಕರೆದೊಯ್ದಳು.

“ಈಗ ಹೇಳಿ, ಅಂಕಲ್.”

ಗಡಗಡ ಹೇಳಿದರು. ಅವಳ ಮಾತನ್ನೂ ಸೇರಿಸಿ.

“ಬಾಯಿಪಾಠ ಇದೆಯಲ್ಲ! ಮತ್ತೆ?”

ಅವರು ಲೋಟದೊಳಗೆ ನೋಡಿದರು. “ಅಲ್ಲಿಗೆ ಬಂದ್ರೆ ಆಗಲ್ಲ ಕಣಮ್ಮ.”

ಧನ್ಯಶ್ರೀ ಜ್ವರವೆಂದು ಬಾರದ ಸಂಜೆ ಅವರು ಎಲ್ಲೂ ನಿಂತಿರಲಿಲ್ಲ ಎಂಬುದು ಆಗ ಕೀರ್ತನಾಳಿಗೆ ನೆನಪಾಯಿತು. ಈ ನಾಟಕಕ್ಕೆಂದೇ ಬಂದು ಸೇರಿದ ಹುಡುಗಿ, ಮಾತು ಕಡಿಮೆ. ಎಲ್ಲರ ಕೈಗೂ ಟೀ ಕೊಡುತ್ತಾಳೆ, ನಾರಾಯಣಪ್ಪನವರದನ್ನು ಮಾತ್ರ ಸ್ಟೂಲಿನ ಮೇಲಿಟ್ಟು ಹೋಗುತ್ತಾಳೆ. ಅವಳು ಬೆನ್ನು ತಿರುಗಿಸಿದ ಮೇಲೆಯೇ ಅವರು ಲೋಟ ಎತ್ತುವುದು. ಇಬ್ಬರಿಗೂ ಆಗಿಬರುವುದಿಲ್ಲ, ಅಷ್ಟೇ.

“ಅವಳಿದ್ರೇನೇ ಅಂಕಲ್ ತಡವರಿಸೋದು ಸಾರ್,” ಎಂದಳು ಕೀರ್ತನಾ ರುದ್ರಮುನಿಗೆ. “ಷೋ ದಿನ ಟಿಕೆಟ್ ಹರಿಯೋಕೆ ಹಾಕಿ.”

ಷೋ ದಿನ ಧನ್ಯಶ್ರೀ ಕೇಳಿದ್ದು ಒಂದೇ. “ಇವತ್ತೊಂದಿನ ವಿಂಗಲ್ಲಿ ಇರ್ಲಾ, ಅಕ್ಕ?”

“ಅವರ ಪಾರ್ಟು ಉಳೀಲಿ ಅಂತ ಕಣೇ.”

ಧನ್ಯಶ್ರೀ ಹೊರಬಾಗಿಲಿಗೆ ಹೋದಳು. ಅದನ್ನು ನಾರಾಯಣಪ್ಪನವರಿಗೆ ಯಾರೂ ಹೇಳಲಿಲ್ಲ.

ಹಾಲ್ ಜನರಿಂದ ತುಂಬಿತ್ತು. “ಅಪ್ಪಾ, ಒಳಗೆ ಬರ್ಲಾ?” ಎಂದಳು ಕೀರ್ತನಾ.

ನಾರಾಯಣಪ್ಪ ನಿಂತರು. ವಿಂಗಿನ ಕಡೆ ಕಿವಿಗೊಟ್ಟರು. ಆಮೇಲೆ ಕತ್ತು ತಿರುಗಿಸಿಯೇ ನೋಡಿದರು. ಪ್ರಾಂಪ್ಟರ್ ಕುರ್ಚಿ ಖಾಲಿ. ಅದೂ ತಮಾಷೆಯೆಂದು ಜನ ಬಿದ್ದು ಬಿದ್ದು ನಕ್ಕರು. ಎದುರು ಬದಿಯ ವಿಂಗಿನಲ್ಲಿ ರುದ್ರಮುನಿ ಹಣೆ ಚಚ್ಚಿಕೊಂಡ. ಕೊನೆಗೆ “ಬಾರವ್ವ” ಎನ್ನುವಾಗಲೂ ನಾರಾಯಣಪ್ಪನವರ ಕಣ್ಣು ಕುರ್ಚಿಯ ಮೇಲೇ ಇತ್ತು.

ಪರದೆ ಬಿದ್ದೊಡನೆ ಕೀರ್ತನಾ ಹೊರಗೋಡಿದಳು. ಧನ್ಯಶ್ರೀಯ ಗಂಡ ಎಂದಿನಂತೆ ರಸ್ತೆಯ ಆಚೆ ಬದಿಯಲ್ಲೇ ಬೈಕ್ ನಿಲ್ಲಿಸಿಕೊಂಡು ಕಾಯುತ್ತಿದ್ದ. ಬಾಗಿಲಲ್ಲೇ ನಿಂತಿದ್ದ ಧನ್ಯಶ್ರೀಯ ಮುಷ್ಟಿಯಲ್ಲಿ ಹರಿದ ಟಿಕೆಟ್ ಚೂರುಗಳು.

“ಬೇಜಾರಾಯ್ತೇನೇ?”

“ನಾನು ಇವರನ್ನ ಮದ್ವೆ ಆದ್ಮೇಲೆ ನಮ್ಮಪ್ಪ ನನ್ನ ‘ಬಾ’ ಅಂತಿದ್ದದ್ದು ಅಲ್ಲೊಂದೇ ಕಡೆ, ಅಕ್ಕ.”