ಕಲ್ಲಿನ ಸಾರು

"ಬಾಯಲ್ಲಿ ತಾಮ್ರದ ಕಾಸು ಇಟ್ಕೊಂಡಂಗಿದೆ ಕಣೋ ರಾಸ್ಕೋ," ಎಂದು ವರ್ನಾ ಹಿಮ ಬಿದ್ದ ಹಿತ್ತಲಿನಲ್ಲಿ ನಿಂತು ಫೋನಿನಲ್ಲಿ ಹೇಳಿದಳು. ರಾಸ್ಕೋ ಅವಳ ಮೈದುನ. ಈಚೆಗೆ ದೇವರ ಪಾದ ಸೇರಿದ ಅವಳ ಗಂಡನಿಗೆ ಉಪ್ಪುನೀರಿನ ಅಕ್ವೇರಿಯಂ ಕಟ್ಟಲು ಕಲಿಸಿದವನು.

"ಏನು ತಿಂದೆ?"

"ಏನೂ ಇಲ್ಲ. ನಿಮ್ಮಣ್ಣನ ಅಕ್ವೇರಿಯಂ ಹವಳಾನೆಲ್ಲ ಕಲ್ಲಿನ ಮೇಲೆ ಬೆಳೆದ ಆ ಕಂದು ಹೂಗಳು ನುಂಗ್ತಿದ್ವು. ಅವರು ಬಿಟ್ಟುಹೋಗಿದ್ದು ಅದೊಂದೇ ಅಲ್ವಾ? ಉಜ್ಜಿದ್ರೂ ಬರ್ಲಿಲ್ಲ. ಹೂಗಳ ಸಮೇತ ಆ ಕಲ್ಲನ್ನ ಪಾತ್ರೇಲಿ ಕುದಿಯಕ್ಕಿಟ್ಟೆ. ಕಲ್ಲು ಕುದಿಸ್ಬೇಕು ಅಂತ ನೀನೇ ಹೇಳಿದ್ಯಲ್ಲ."

"ಅದು ನೀರಿಗೆ ಹಾಕೋ ಮುಂಚೆ ಒಣಕಲ್ಲಿಗೆ ಹೇಳಿದ್ದು! ಆ ಹೂಗಳು ವಿಷ ಇರೋ ಕಡಲಪ್ರಾಣಿಗಳು, ಜೀವಂತ ಕುದಿಸಿದ್ರೆ ಆವೀಲೇ ವಿಷ ಬರುತ್ತೆ. ನೀನು ಒಳಗೆ ಹೋಗ್ಬೇಡ, ಆಂಬುಲೆನ್ಸ್ ಕರೀತೀನಿ. ಮನೇಲಿ ಬೇರೆ ಯಾರಾದ್ರೂ ಇದಾರಾ?"

ವರ್ನಾ ತಿರುಗಿ ನೋಡಿದಳು. ಚಳಿಗೆಂದು ಭದ್ರವಾಗಿ ಮುಚ್ಚಿದ್ದ ಅಡುಗೆಮನೆಯ ಕಿಟಕಿಯಾಚೆ, ಅವಳ ದುಃಖಕ್ಕೆ ಜೊತೆಯಾಗಲು ಬಂದಿದ್ದ ತಂಗಿ ಓಪಲ್ ಒಲೆಯ ಮುಂದೆ ನಗುತ್ತ ನಿಂತಿದ್ದಳು.

"ಅಕ್ಕಾ, ನಿನ್ನ ಕಲ್ಲಿನ ಸಾರು ಬೆಂತಾ ನೋಡ್ಲಾ?" ಎಂದು ಅವಳು ಗಾಜಿನಾಚೆಯಿಂದ ಕೂಗಿದಳು.

ವರ್ನಾ ಬೇಡವೆಂದು ಕಿರುಚುವಷ್ಟರಲ್ಲಿ ಓಪಲ್ ಮುಚ್ಚಳ ತೆಗೆದು, ಆವಿಗೆ ಮುಖ ಬಗ್ಗಿಸಿ, ಎದೆ ತುಂಬ ಉಸಿರೆಳೆದುಕೊಂಡಳು.