ಮುಂದಿನ ಸೈಕಲ್

ಮಣ್ಣೂರಿನ ಮೊದಲ ಮನೆ ಕಂಡೊಡನೆ ಅಬ್ದುಲ್ ಗನಿ ಸೈಕಲ್ಲಿನಿಂದ ಇಳಿದುಬಿಟ್ಟ. ರಸ್ತೆ ಊರೊಳಗಿಂದಲೇ ಹೋಗಬೇಕು, ಚಾವಡಿ ಕಟ್ಟೆಯ ಮೇಲೆ ಜನ ಕೂತಿದ್ದರು. ನಿಜಾಮನ ಆಳ್ವಿಕೆ ಕೊನೆಗಾಣಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದು, ಸುತ್ತಲ ಊರುಗಳಲ್ಲಿ ಮುಸಲ್ಮಾನರ ಮೇಲೆ ಹಲ್ಲೆಗಳಾಗಿ ತಿಂಗಳಾದರೂ ಅವನು ಮನೆಯಿಂದ ಹೊರಬಿದ್ದದ್ದು ಇವತ್ತೇ. "ನಾನ ಕರ್ಕೊಂಡ ಹೋಗಿ ನಾನ ಕರ್ಕೊಂಡ ಬರ್ತೇನ್ರಿ, ಚಾಚಿ" ಎಂದು ಗೆಳೆಯ ದತ್ತಾತ್ರೇಯ ಬಾಗಿಲಲ್ಲಿ ನಿಂತು ಬೇಡಿದ್ದಕ್ಕೆ ತಾಯಿ ಸುಲ್ತಾನಬಿ ಚಿಲಕ ತೆಗೆದಿದ್ದಳು.

"ತಿರುಗಿ ಹೋಗೂಣು, ದತ್ತಾ. ನನ್ನ ನೋಡಿದ್ರ ಏನ್ ಮಾಡ್ತಾರೋ ಏನೋ."

"ನೋಡಿದ್ರ ಮೊದಲ ನನ್ನ ನೋಡ್ಲಿ. ನನ್ನ ಹಿಂದ ಬಾ."

ರೇಸಿಗೆ ಇಳಿಯುವವನು ದತ್ತಾತ್ರೇಯ, ಅವನನ್ನು ತಯಾರು ಮಾಡುವವನು ಗನಿ. ಅಭ್ಯಾಸದಲ್ಲಿ ಯಾವತ್ತೂ ಗನಿಯ ಸೈಕಲ್ಲೇ ಮುಂದೆ. ಅವನು ಎದುರುಗಾಳಿಯನ್ನು ತಡೆದರೆ, ಬೆನ್ನ ಮರೆಯಲ್ಲಿ ದತ್ತಾತ್ರೇಯ ಕಾಲಿನ ಕಸುವು ಉಳಿಸಿಕೊಳ್ಳುತ್ತಿದ್ದ.

"ರೇಸಿಗೆ ನಾಕ ದಿನ ಉಳದಾವ. ಈಗ ಗಾಳಿಗೆ ಮುಂದಾದ್ರ ಕಾಲ ಸೋಲ್ತಾವ ಲೇ."

"ಸೋತ್ರ ಸೋಲ್ಲಿ. ಸೈಕಲ್ ಹತ್ತು."

ಕಟ್ಟೆ ಹತ್ತಿರವಾದಂತೆ ಅಲ್ಲಿನ ಮಾತು ನಿಂತಿತು. ಹ್ಯಾಂಡಲಿನ ಮೇಲೆ ಬಾಗಿ ತುಳಿಯಬೇಕೆಂದು ಗನಿ ಎಷ್ಟು ಸಲ ಬೈದು ಕಲಿಸಿದ್ದನೋ. ಇವತ್ತು ದತ್ತಾತ್ರೇಯ ನೆಟ್ಟಗೆ ಕೂತ, ಎರಡೂ ಮೊಳಕೈಗಳನ್ನು ಅಗಲಿಸಿ, ಅಂಗಿಯ ತುಂಬ ಗಾಳಿ ತುಂಬಿಕೊಂಡು. ಬೆವರಿನಿಂದ ತೊಯ್ದ ಆ ಬೆನ್ನು ಬಿಟ್ಟರೆ ಗನಿಗೆ ಏನೂ ಕಾಣಲಿಲ್ಲ. "ಶರಣ್ರಿ ಗೌಡ್ರ" ಎಂದು ದತ್ತಾತ್ರೇಯ ಅಂದದ್ದು ಕೇಳಿಸಿತು. ಯಾರೋ "ಶರಣೋ ತಮ್ಮಾ" ಅಂದರು.

ಊರಿನ ಕೊನೆಯ ಮನೆ ದಾಟಿದ ಮೇಲೆ ತೊಗರಿ ಹೊಲಗಳು ಬಂದವು. ದತ್ತಾತ್ರೇಯನ ಉಸಿರು ಏರಿತ್ತು, ಆದರೂ ಅವನು ಪಕ್ಕಕ್ಕೆ ಸರಿಯಲಿಲ್ಲ. ಗನಿ ಜೋರಾಗಿ ತುಳಿದು ಅವನನ್ನು ದಾಟಿ, ಗಾಳಿಗೆ ಎದೆಯೊಡ್ಡಿದ.

"ಇನ್ನ ಹಿಂದ ಬಾ," ಎಂದ. "ಬಾಗಿ ತುಳಿ."